ಡಕೋಟಾ ಅಂದರೆ ಬೈಗುಳವಲ್ಲ

ನಾಲ್ಕು ಜನ ತಳ್ಳಿದರೆ ಮಾತ್ರ ಸ್ಟಾರ್ಟ್ ಆಗುವ ಲಟಾರಿ ಗಾಡಿಯನ್ನು ನಾವು ‘ಡಕೋಟಾ’ ಎಂದು ಗೇಲಿ ಮಾಡುತ್ತೇವೆ. ಆದರೆ ಆ ಹೆಸರಿನ ವಿಮಾನ ಎರಡನೇ ಮಹಾಯುದ್ಧದಲ್ಲಿ ದಣಿವರಿಯದೆ ದುಡಿದ ಹಮಾಲಿ.

ಅಮೆರಿಕದ ಡಗ್ಲಾಸ್ ಕಂಪನಿಯ ಡಿಸಿ-3 ಪ್ರಯಾಣಿಕ ವಿಮಾನ ಮೊದಲು ಹಾರಿದ್ದು 1935ರ ಡಿಸೆಂಬರ್ 17ರಂದು. ಯುದ್ಧ ಬಂದಾಗ ಮೆತ್ತನೆಯ ಸೀಟು ತೆಗೆದು, ನೆಲವನ್ನು ಗಟ್ಟಿ ಮಾಡಿ, ಜೀಪು ಒಳನುಗ್ಗುವಷ್ಟು ಅಗಲದ ಬಾಗಿಲು ಇಟ್ಟರು, ಅದೇ ಸಿ-47. ಡಕೋಟಾ ಎಂದು ಕರೆದವರು ಬ್ರಿಟಿಷರು. ತಲಾ 1,200 ಅಶ್ವಶಕ್ತಿಯ ಎರಡು ಎಂಜಿನ್. 28 ಸೈನಿಕರು, ಇಲ್ಲವೇ ಸುಮಾರು 2,700 ಕಿಲೋ ಸರಕು. ಇಂಥವು ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು.

ಇದರ ಗಟ್ಟಿತನದ ಗುಟ್ಟು ರೆಕ್ಕೆಯಲ್ಲಿದೆ. ಭಾರವನ್ನೆಲ್ಲ ಒಂದೇ ತೊಲೆಯ ಮೇಲೆ ಹೇರದೆ, ಹಲವು ತೊಲೆ-ಪಟ್ಟಿಗಳನ್ನು ಹೆಣೆದು ಪುಟ್ಟ ಪುಟ್ಟ ಗೂಡುಗಳನ್ನಾಗಿ ಮಾಡಿದ್ದರು. ಮೇಲಿನ ಲೋಹದ ಹೊದಿಕೆಯೂ ಭಾರಕ್ಕೆ ಹೆಗಲು ಕೊಡುತ್ತಿತ್ತು. ಒಂದು ಕಡೆ ಪೆಟ್ಟು ಬಿದ್ದರೆ ಉಳಿದವು ಹೊರುತ್ತಿದ್ದವು. ರೆಕ್ಕೆಯ ಹೊರಭಾಗವನ್ನು ಬೋಲ್ಟು ಬಿಚ್ಚಿ ಬದಲಿಸಲೂ ಬರುತ್ತಿತ್ತು.

1941ರಲ್ಲಿ ಚೀನಾದಲ್ಲಿ ನಿಂತಿದ್ದ ಒಂದು ಡಿಸಿ-3ರ ಬಲರೆಕ್ಕೆ ಜಪಾನಿಯರ ಬಾಂಬಿಗೆ ಛಿದ್ರವಾಯಿತು. ಬದಲಿ ರೆಕ್ಕೆ ಇರಲಿಲ್ಲ. ಹಳೆಯ ಡಿಸಿ-2ರ ರೆಕ್ಕೆಯನ್ನು ಇನ್ನೊಂದು ವಿಮಾನದ ಹೊಟ್ಟೆಗೆ ಕಟ್ಟಿ ತಂದು ಜೋಡಿಸಿದರು. ಅದು ಒಂದೂವರೆ ಮೀಟರಿನಷ್ಟು ಗಿಡ್ಡ! ಆದರೂ ವಿಮಾನ ಹಾಂಗ್‌ಕಾಂಗ್ ತಲುಪಿತು. ಅಂದಿನಿಂದ ಅದಕ್ಕೆ ‘ಡಿಸಿ-ಎರಡೂವರೆ’ ಎಂದೇ ಹೆಸರು.

ರಿಪೇರಿಗೆ ಒಗ್ಗುವ ಈ ಗುಣ ಬೆಂಗಳೂರಿಗೂ ಪರಿಚಿತ. ಯುದ್ಧಕಾಲದಲ್ಲಿ ಇಲ್ಲಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಸೇನಾ ವಿಮಾನಗಳ ದುರಸ್ತಿ ಕೇಂದ್ರವಾಗಿತ್ತು. ಡಕೋಟಾಗಳೂ ಇಲ್ಲಿಗೆ ಬರುತ್ತಿದ್ದವು.

ಕಾಶ್ಮೀರದ ಮೇಲೆ ದಾಳಿ ನಡೆದಾಗ, 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಯೋಧರನ್ನು ದೆಹಲಿಯಿಂದ ಶ್ರೀನಗರಕ್ಕೆ ಒಯ್ದು ಇಳಿಸಿದ್ದೂ ಡಕೋಟಾಗಳೇ. ಮರುವರ್ಷ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗ್, 3,200 ಮೀಟರಿಗೂ ಎತ್ತರದ ಲೇಹ್‌ನಲ್ಲಿ ಅವಸರದಲ್ಲಿ ಹದ ಮಾಡಿದ ಮಣ್ಣಿನ ಪಟ್ಟಿಯ ಮೇಲೆ ಡಕೋಟಾ ಇಳಿಸಿದರು. ಒಳಗೆ ಕೂತಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ.

ಹೊಸ ಟರ್ಬೈನ್ ಎಂಜಿನ್ ಕಟ್ಟಿಸಿಕೊಂಡ ಅದೇ ಹಳೆಯ ಒಡಲುಗಳು ಈ ಶತಮಾನದಲ್ಲೂ ಅಂಟಾರ್ಕ್ಟಿಕಾದ ಹಿಮದ ಮೇಲೆ ಇಳಿದು ಏರಿವೆ. ಯಾರೂ ತಳ್ಳಬೇಕಾಗಿಲ್ಲ.