ಹೊಸ್ತಿಲೂ ಒಂದು ಅಂಗಡಿ

ನಗರದಲ್ಲಿ ಜಾಗ ಕಡಿಮೆ, ಜನ ಹೆಚ್ಚು. ಹಾಗಾಗಿ ಬಡವರಿಗೆ ಮನೆ ಕೊಡಬೇಕೆಂದರೆ ಮಹಡಿ ಮೇಲೆ ಮಹಡಿ ಕಟ್ಟಲೇಬೇಕು ಎಂದು ನೀವೂ ಕೇಳಿರುತ್ತೀರಿ. ಸಿವಿಲ್ ಡಿಪ್ಲೊಮಾ ಓದುವಾಗ ನಾನೂ ಅದನ್ನೇ ಕೇಳುತ್ತಿದ್ದೆ. ಆದರೆ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಈ ಮಾತನ್ನು ಒಪ್ಪಲಿಲ್ಲ. 1980ರ ದಶಕದಲ್ಲಿ ನವಿ ಮುಂಬೈನ ಬೇಲಾಪುರದಲ್ಲಿ ಸುಮಾರು 6 ಹೆಕ್ಟೇರಿನಲ್ಲಿ 500ಕ್ಕೂ ಹೆಚ್ಚು ಕುಟುಂಬಗಳಿಗೆ ಅವರು ಮನೆ ರೂಪಿಸಿದರು. ಎಲ್ಲವೂ ಒಂದೆರಡು ಅಂತಸ್ತಿನವು.

ಹೇಗೆ ಸಾಧ್ಯವಾಯಿತು? ಏಳು ಮನೆಗೆ ಒಂದು ಅಂಗಳ. ಅಂಥ ಮೂರು ಗುಂಪು ಸೇರಿದರೆ ಇನ್ನೊಂದು ದೊಡ್ಡ ಅಂಗಳ. ಮನೆ ಮನೆಗೂ ಬೇರೆ ಗೋಡೆ. ಕೈಗೆ ಕಾಸು ಬಂದಾಗ ಪಕ್ಕದವರಿಗೆ ತೊಂದರೆಯಾಗದಂತೆ ಇನ್ನೊಂದು ಕೋಣೆ ಕಟ್ಟಿಕೊಳ್ಳಬಹುದು. ಎತ್ತರದ ಕಟ್ಟಡಗಳ ಕಥೆಯೇ ಬೇರೆ. ಎತ್ತರ ಹೆಚ್ಚಿದಷ್ಟೂ ಗಾಳಿ, ಬೆಳಕಿಗಾಗಿ ನಡುವೆ ಹೆಚ್ಚು ಜಾಗ ಬಿಡಬೇಕು. ಉಳಿಸಿದ ನೆಲದಲ್ಲಿ ಒಂದಿಷ್ಟು ಅಲ್ಲೇ ಹೋಯಿತು. ಮೇಲೆ ಲಿಫ್ಟು, ಪಂಪು, ತಿಂಗಳ ನಿರ್ವಹಣಾ ವೆಚ್ಚ.

ಏಳು ಮನೆಯ ಅಂಗಳದ ನಕ್ಷೆ ನೋಡಿದಾಗ ನನಗೆ ಕಂಡದ್ದು ಶ್ರೀರಾಂಪುರದ ನಮ್ಮ ವಠಾರ. ಎಂಟು ಮನೆ, ಒಂದು ಅಂಗಳ, ಒಂದು ನಲ್ಲಿ. ಅಮ್ಮ ಹೊಸ್ತಿಲ ಬಳಿ ಕೂತು ಮಲ್ಲಿಗೆ, ಕನಕಾಂಬರ ಕಟ್ಟುತ್ತಾಳೆ. ದಾರಿಹೋಕರು ಅಲ್ಲೇ ನಿಂತು ಮೊಳದ ಲೆಕ್ಕದಲ್ಲಿ ಕೊಳ್ಳುತ್ತಾರೆ. ನನ್ನ ಫೀಸು ಹುಟ್ಟಿದ್ದು ಆ ಹೊಸ್ತಿಲಲ್ಲಿ. ಹಾಗೆಂದು ವಠಾರ ಸ್ವರ್ಗವೇನಲ್ಲ. ಎರಡು ಶೌಚಾಲಯಕ್ಕೆ ಎಂಟು ಮನೆಯವರು ಬೆಳಿಗ್ಗೆ ಸರದಿ ನಿಲ್ಲುವ ಕಷ್ಟ ನಿಂತವರಿಗೇ ಗೊತ್ತು! ಬೇಲಾಪುರದಲ್ಲೂ ಹಳೆಯ ಮನೆಗಳೆಷ್ಟೋ ಕೆಡವಿ ದೊಡ್ಡ ಮನೆಗಳು ಎದ್ದಿವೆ.

ಇಂದೋರಿನ ಅರಣ್ಯ ಬಡಾವಣೆಯಲ್ಲಿ ಬಿ.ವಿ. ದೋಶಿ ಇದಕ್ಕೊಂದು ದಾರಿ ತೋರಿಸಿದ್ದಾರೆ. ಅಲ್ಲಿ ಬಡ ಕುಟುಂಬಗಳಿಗೆ ಸಣ್ಣ ನಿವೇಶನದ ಜೊತೆ ನೀರು, ಶೌಚಾಲಯದ ವ್ಯವಸ್ಥೆ ಮೊದಲೇ ಸಿಕ್ಕಿತು. ಉಳಿದ ಮನೆಯನ್ನು ಅವರವರೇ ನಿಧಾನವಾಗಿ ಕಟ್ಟಿಕೊಂಡರು. 1995ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಇಂಥದ್ದನ್ನು ನಮ್ಮ ಪಠ್ಯದಲ್ಲಿ ಒಂದು ಪುಟವಾದರೂ ಹೇಳಬಾರದಿತ್ತೇ?

ಈಗ ಅಮ್ಮನ ಹೆಸರಿಗೆ ಊರಂಚಿನಲ್ಲಿ ಸರ್ಕಾರಿ ಫ್ಲ್ಯಾಟ್ ಮಂಜೂರಾಗಿದೆ. ಆರನೇ ಮಹಡಿ. ಸ್ವಂತ ಶೌಚಾಲಯ, ಸ್ವಂತ ನಲ್ಲಿ. ‘ಅಲ್ಲೀಗಂಟ ಹೂ ತಗೊಳ್ಳೋಕೆ ಯಾರೋ ಬರ್ತಾರೆ?’ ಎನ್ನುತ್ತಾಳೆ ಅಮ್ಮ. ನನಗಿನ್ನೂ ಕೆಲಸ ಸಿಕ್ಕಿಲ್ಲ. ಮೊದಲ ಕಂತು ಕಟ್ಟಲು ಇನ್ನು ಹನ್ನೊಂದು ದಿನವಿದೆ. ನೆಲಮಹಡಿಯವರು ಯಾರಾದರೂ ಮನೆ ಬದಲಾಯಿಸಿಕೊಳ್ಳಲು ಒಪ್ಪಿದರೆ ಅದಕ್ಕೆ ಅವಕಾಶವಿದೆಯೇ ಎಂದು ಕಚೇರಿಗೆ ಅರ್ಜಿ ಕೊಟ್ಟು ಬಂದಿದ್ದೇನೆ.