ಎಲುಬಿನ ಭವಿಷ್ಯಕ್ಕೆ ಒಡೆಯರುಂಟೆ?

ಹೊನ್ನಾವರದ ಮಳೆಗಾಲವನ್ನು ಬಲ್ಲವರು ಪಾಚಿಗಟ್ಟಿದ ಚಿರೇಕಲ್ಲಿನ ಮೆಟ್ಟಿಲನ್ನೂ ಬಲ್ಲರು. ಮನೆಯ ಅಜ್ಜಿ ಅದರ ಮೇಲೆ ಜಾರಿ ಸೊಂಟದ ಎಲುಬು ಮುರಿದುಕೊಂಡರೆ ನೆರೆಹೊರೆಯವರೆಲ್ಲ ಮೆಟ್ಟಿಲನ್ನೇ ಶಪಿಸುತ್ತಾರೆ. ಅಪರಾಧ ಮೆಟ್ಟಿಲೊಂದರದೇ ಅಲ್ಲ. ಋತುಚಕ್ರ ನಿಂತ ತರುವಾಯ ಹೆಂಗಸರ ಎಲುಬು ವರ್ಷದಿಂದ ವರ್ಷಕ್ಕೆ ಸಾರಗುಂದುತ್ತದೆ. ನೋವಿಲ್ಲ, ಬಾವಿಲ್ಲ, ಸುಳಿವೂ ಇಲ್ಲ. ಇದನ್ನೇ ವೈದ್ಯರು ಆಸ್ಟಿಯೋಪೊರೋಸಿಸ್ ಎನ್ನುವರು.

ಬೀಳುವ ಮುನ್ನವೇ ಅಪಾಯವನ್ನು ಅರಿಯುವ ಉಪಾಯವುಂಟು. ಎರಡು ಬಗೆಯ ಶಕ್ತಿಯ ಕ್ಷಕಿರಣಗಳನ್ನು ಹಾಯಿಸಿ ಎಲುಬಿನ ಸಾಂದ್ರತೆಯನ್ನು ಅಳೆದು, ಆರೋಗ್ಯವಂತ ಯುವಜನರ ಸರಾಸರಿಯೊಡನೆ ಹೋಲಿಸುತ್ತಾರೆ. ಅಂಕ ಋಣ 2.5 ಅಥವಾ ಅದಕ್ಕೂ ಕೆಳಗಿದ್ದರೆ ರೋಗವೆಂದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ನಿಗದಿಮಾಡಿತು. ರಕ್ತದಲ್ಲಿಯೂ ವಂಶವಾಹಿಗಳಲ್ಲಿಯೂ ಇನ್ನೂ ಮುಂಚಿನ ಸುಳಿವನ್ನು ಅರಸುವವರಿದ್ದಾರೆ.

ಅಂತಹ ಹೊಸ ವಿಧಾನವನ್ನು ಕಂಡುಹಿಡಿದವರು ಅದಕ್ಕೆ ಪೇಟೆಂಟ್ ಪಡೆಯಬಹುದೆ? ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈಯ ಪೇಟೆಂಟ್ ಕಚೇರಿಗೆ. ಅಲ್ಲಿ ಅಡ್ಡ ನಿಲ್ಲುವುದು 1970ರ ಕಾಯಿದೆಯ 3ನೆಯ ಕಲಮು. ಮನುಷ್ಯರ ಚಿಕಿತ್ಸೆಯ ವಿಧಾನಗಳಿಗೆ ಏಕಸ್ವಾಮ್ಯವಿಲ್ಲವೆನ್ನುವ ಆ ಕಲಮಿಗೆ 2002ರ ತಿದ್ದುಪಡಿಯು ರೋಗನಿದಾನವನ್ನೂ ಸೇರಿಸಿತು. ಅಳೆಯುವ ಯಂತ್ರ ಹೊಸದಾಗಿದ್ದರೆ 20 ವರ್ಷಗಳ ಹಕ್ಕು ದೊರೆತೀತು. ರೋಗವನ್ನು ಗುರುತಿಸುವ ಕ್ರಮಕ್ಕೆ ದೊರೆಯದು. ದೇಹದ ಹೊರಗೆ ನಡೆಯುವ ಪರೀಕ್ಷೆಗೂ ಈ ನಿರ್ಬಂಧ ತಪ್ಪದೆಂದು ಮದರಾಸು ಉಚ್ಚ ನ್ಯಾಯಾಲಯ 2023ರಲ್ಲಿ ಹೇಳಿತು. ಆದರೆ ತಾನಾಗಿ ರೋಗವನ್ನು ತೋರಿಸಲಾರದ ಪರೀಕ್ಷೆಗೆ ಅದು ಅನ್ವಯಿಸದೆಂಬುದೂ ಅದೇ ತೀರ್ಪಿನ ಮಾತು. ಹಾಗಾದರೆ, 'ರೋಗವಿನ್ನೂ ಬಂದಿಲ್ಲ, ಬರುವ ಸಂಭವವುಂಟು' ಎಂದಷ್ಟೇ ನುಡಿಯುವ ಪರೀಕ್ಷೆಯ ಗತಿಯೇನು? ವಕೀಲರಿಗೆ ಕೈತುಂಬ ಕೆಲಸವಿರುವುದು ಇಲ್ಲಿಯೇ!

ವರ್ಷಗಟ್ಟಲೆ ದುಡಿದ ಸಂಶೋಧಕನಿಗೆ ಇದು ಅನ್ಯಾಯವೆಂದು ತೋರಿದರೆ ಆಶ್ಚರ್ಯವಿಲ್ಲ. ಹಾಕಿದ ಹಣ ಮರಳದೆಂದರೆ ಹಾಕುವವರಾರು? ಇತ್ತ, ಪರೀಕ್ಷೆಗೆ ಒಬ್ಬನೇ ಒಡೆಯನಾದರೆ ಅವನು ಹೇಳಿದ್ದೇ ಬೆಲೆ. ಸೊಂಟ ಮುರಿಯುವವರೆಗೆ ಅಜ್ಜಿ ಅದರ ತಂಟೆಗೆ ಹೋಗಲಾರಳು. ಕಾನೂನು ಸದ್ಯಕ್ಕೆ ಅಜ್ಜಿಯ ಕಡೆಗೇ ವಾಲಿದೆ, ವಾಲಿರುವುದೇ ಲೇಸು.

ಜರ್ಮನಿಯ ರಾಂಟ್ಜನ್ 1895ರಲ್ಲಿ ತನ್ನ ಹೆಂಡತಿಯ ಕೈಯೆಲುಬುಗಳನ್ನು ಉಂಗುರಸಹಿತ ಚಿತ್ರ ತೆಗೆದರೂ ಕ್ಷಕಿರಣಕ್ಕೆ ಪೇಟೆಂಟ್ ಪಡೆಯಲಿಲ್ಲ. ಇನ್ನು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯ 2008ರಲ್ಲಿ ಹೊರತಂದ 'ಫ್ರಾಕ್ಸ್' ಎಂಬ ಲೆಕ್ಕಾಚಾರಕ್ಕೆ ಯಂತ್ರದ ಅಳತೆಯೂ ಕಡ್ಡಾಯವಲ್ಲ. ವಯಸ್ಸು, ತೂಕ, ಎತ್ತರ, ಧೂಮಪಾನ, ಹಿಂದಿನ ಮುರಿತ ಮುಂತಾದವನ್ನು ಕೇಳಿ ಮುಂದಿನ 10 ವರ್ಷಗಳ ಅಪಾಯವನ್ನು ಅದು ಅಂದಾಜು ಮಾಡುತ್ತದೆ. ಅದರ ಪ್ರಶ್ನೆಗಳಲ್ಲೊಂದು: ತಂದೆ ಅಥವಾ ತಾಯಿಯ ಸೊಂಟ ಮುರಿದಿತ್ತೆ? ಇದಕ್ಕೆ ಉತ್ತರವನ್ನು ಹೊನ್ನಾವರದ ಜಗಲಿಯ ಮೇಲೆ ಕುಳಿತೇ ಹೇಳಬಹುದು.