ಕೈಗೆ ಕಸುಬು, ಕಸುಬಿಗೆ ಬೆಂಬಲ

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ಮರುದಿನ ಶಾಲೆಯ ಜಗಲಿಯಲ್ಲಿ ಹೆತ್ತವರು ಕೇಳುವ ಪ್ರಶ್ನೆ ಒಂದೇ: "ಮಾಸ್ಟ್ರೇ, ಇನ್ನು ಇವನು ಏನು ಮಾಡಬೇಕು?" "ಮುಂದೆ ಓದಲಿ" ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅನುಕೂಲವುಳ್ಳವರ ಮಕ್ಕಳು ಓದುತ್ತಾರೆ. ಉಳಿದವರಲ್ಲಿ ಕೆಲವರು ಹೋಟೆಲು ಕೆಲಸಕ್ಕೆ ಮಂಗಳೂರಿನ ಬಸ್ಸು ಹತ್ತುತ್ತಾರೆ. ಕೆಲವರು ಅಡಿಕೆ ತೋಟದ ದಿನಗೂಲಿಗೆ ಇಳಿಯುತ್ತಾರೆ. ಹೆಣ್ಣುಮಕ್ಕಳಿಗೆ ಹಿಂದೆ ಬೀಡಿಯಾದರೂ ಇತ್ತು. ಈಗ ಅದೂ ಕುಂದಿದೆ.

ಕಸುಬು ಕಲಿಸುವ ವ್ಯವಸ್ಥೆಯೇ ಇಲ್ಲವೆಂದಲ್ಲ. ನಮ್ಮ ನೆರೆಯ ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳುತ್ವದಲ್ಲಿ ರುಡ್‌ಸೆಟ್ ಸಂಸ್ಥೆ ಆರಂಭವಾಯಿತು. ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯೊಡನೆ ಅಂದಿನ ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಕೈಜೋಡಿಸಿದ್ದವು. ಊಟ ವಸತಿಗಳೊಡನೆ ಉಚಿತ ತರಬೇತಿ. ಅವಧಿ ಕೆಲವೇ ವಾರ. ಹೊಲಿಗೆ, ಹೈನುಗಾರಿಕೆ, ಪಂಪು ದುರಸ್ತಿ ಮೊದಲಾದ ಕಸುಬುಗಳ ಜತೆಗೆ ಲೆಕ್ಕ ಬರೆಯುವುದು, ಪೇಟೆಯ ಬೇಡಿಕೆ ಅರಿಯುವುದು, ಬ್ಯಾಂಕಿನ ಮುಂದೆ ಧೈರ್ಯವಾಗಿ ಮಾತಾಡುವುದು, ಇವನ್ನೂ ಅಲ್ಲಿ ಕಲಿಸುತ್ತಾರೆ. ಕಲಿತು ಹೋದವರನ್ನು ಅಷ್ಟಕ್ಕೇ ಕೈಬಿಡದೆ ಎರಡು ವರ್ಷ ವಿಚಾರಿಸುತ್ತಿರುವುದು ಈ ಪದ್ಧತಿಯ ಜೀವಾಳ. 2009ರಲ್ಲಿ ಕೇಂದ್ರ ಸರಕಾರ ಇದೇ ಮಾದರಿಯನ್ನು ಜಿಲ್ಲೆಗೊಂದರಂತೆ ದೇಶವಿಡೀ ಸ್ಥಾಪಿಸಲು ಮುಂದಾಯಿತು. ಕೇರಳದಲ್ಲಿ 1998ರಲ್ಲಿ ಹುಟ್ಟಿದ ಕುಟುಂಬಶ್ರೀಯ ಅಯಲ್ಕೂಟಗಳು ನಮ್ಮ ಊರೂರಿನಲ್ಲಿವೆ.

ಹಾಗಿದ್ದೂ ನಮ್ಮ ಮಕ್ಕಳು ಎಲ್ಲಿ ಎಡವುತ್ತಾರೆ? ಒಂದು ಅನುಭವವನ್ನು ಹೇಳುತ್ತೇವೆ.

ನಮ್ಮಲ್ಲಿ ಕಲಿತ ಬಡ ಹುಡುಗನೊಬ್ಬನನ್ನು ನಾವೇ ಅರ್ಜಿ ತುಂಬಿಸಿ ಒಂದು ತರಬೇತಿ ಕೇಂದ್ರಕ್ಕೆ ಕಳುಹಿಸಿದೆವು. ಐದನೆಯ ದಿನ ಅವನು ಮನೆಗೆ ಮರಳಿದ. ಸೋಮಾರಿಯೆಂದು ಗದರಿದೆವು. ತಲೆತಗ್ಗಿಸಿ ನಿಂತವನು ಕೊನೆಗೆ ಬಾಯಿಬಿಟ್ಟ: "ಸರ್, ಯಾವ ತಂತಿ ಎಲ್ಲಿಗೆ ಜೋಡಿಸಬೇಕೆಂದು ಹೇಳಿದ್ದು ಅರ್ಥವಾಗಲಿಲ್ಲ. ಮತ್ತೆ ಕೇಳಿದರೆ ಎಲ್ಲರೂ ನಗುತ್ತಿದ್ದರು." ಪಾಠವೆಲ್ಲ ಮಲೆಯಾಳದಲ್ಲಿತ್ತು. ಕಳುಹಿಸುವ ಮೊದಲು ನಾವೂ ಆ ಮಾತನ್ನು ವಿಚಾರಿಸಿರಲಿಲ್ಲ. ಗದರಿದ್ದಕ್ಕೆ ಇಂದಿಗೂ ನಾಚಿಕೆಯಿದೆ.

ಆಮೇಲೆ ನಮ್ಮ ಹಳೆ ವಿದ್ಯಾರ್ಥಿಯೇ ಆದ ಪಂಪು ರಿಪೇರಿಯವರೊಬ್ಬರು ಅವನನ್ನು ಜತೆಗೆ ಸೇರಿಸಿಕೊಂಡರು. ತುಳುವಿನಲ್ಲಿ ಹೇಳಿಕೊಟ್ಟರು, ತಪ್ಪಿದರೆ ಮತ್ತೆ ತೋರಿಸಿದರು. ಆರು ತಿಂಗಳಲ್ಲಿ ಕೈ ಪಳಗಿತು. ಆದರೂ ಸ್ವಂತ ಕೆಲಸಕ್ಕೆ ಹೊರಟ ಮೇಲೆ ಎರಡು ಬಾರಿ ಬಿಟ್ಟುಬಿಡುವೆನೆಂದ. ಒಮ್ಮೆ ಹತ್ಯಾರುಗಳಿಲ್ಲದೆ, ಇನ್ನೊಮ್ಮೆ ಗಿರಾಕಿಗಳು ಹಣ ಕೊಡದೆ. ಹತ್ಯಾರುಗಳನ್ನು ಹಳೆ ವಿದ್ಯಾರ್ಥಿಗಳು ಕಡವಾಗಿ ಒದಗಿಸಿದರು. ಬಾಕಿ ವಸೂಲಿಗೆ ಊರ ಹಿರಿಯರು ಎರಡು ಮಾತಾಡಿದರು. ಇಂದು ಬೇಸಗೆ ಬಂತೆಂದರೆ ಅವನಿಗೆ ಪುರುಸೊತ್ತಿಲ್ಲ. ತಂಗಿಯ ಕಾಲೇಜು ಫೀಸು ಅವನದೇ.

ನಾವು ಕಂಡುಕೊಂಡದ್ದು ಇಷ್ಟೆ: ಕಲಿಸುವುದು ಅರ್ಧ ಕೆಲಸ; ಕಲಿತವನು ನೆಲೆ ನಿಲ್ಲುವವರೆಗೆ ಬೆನ್ನಿಗಿರುವುದು ಉಳಿದರ್ಧ. ಕೆಲವರಿಗೆ ಕಲಿಸಬೇಕಾದುದೂ ಇಲ್ಲ. ಕಾಡುಬಳ್ಳಿಯಿಂದ ಬುಟ್ಟಿ ಹೆಣೆಯುವ ಕೊರಗ ಬಂಧುಗಳ ಕೈಚಳಕಕ್ಕೆ ಯಾವ ಗುರು ಬೇಕು? ಪ್ಲಾಸ್ಟಿಕ್ಕು ಕಸಿದ ಮಾರುಕಟ್ಟೆಯನ್ನು ದೊರಕಿಸಿಕೊಡುವವರು ಬೇಕು.

ಹಾಗಾದರೆ ನಾವೇನು ಮಾಡಬಹುದು? ಜಿಲ್ಲೆಯ ತರಬೇತಿಗಳಲ್ಲಿ ಕನ್ನಡ ಬಲ್ಲ ಒಬ್ಬ ಬೋಧಕರಾದರೂ ಇರಲಿ ಎಂದು ಕೇಳೋಣ. ಕನ್ನಡದಲ್ಲೇ ಬರೆದು ಕೇಳೋಣ; ಸಂವಿಧಾನದ 350ನೆಯ ವಿಧಿ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ಅಹವಾಲು ಸಲ್ಲಿಸುವ ಹಕ್ಕನ್ನು ನಮಗೆ ಕೊಟ್ಟಿದೆ. ಅದರೊಡನೆ ಮಕ್ಕಳು ಮಲೆಯಾಳವನ್ನೂ ಚೆನ್ನಾಗಿ ಕಲಿಯಲಿ. ಗಿರಾಕಿಯ ಭಾಷೆ ಬಲ್ಲವನಿಗೆ ನಷ್ಟವಿಲ್ಲ. ತಾಯ್ನುಡಿಗೂ ಅದರಿಂದ ಕುಂದಿಲ್ಲ.

ಪ್ರತಿ ಊರಿನಲ್ಲೂ ಕಸುಬು ಬಲ್ಲ ಹತ್ತು ಮಂದಿಯಾದರೂ ಇದ್ದಾರೆ. ಒಬ್ಬೊಬ್ಬರು ಒಬ್ಬೊಬ್ಬ ಹುಡುಗನನ್ನೋ ಹುಡುಗಿಯನ್ನೋ ಜತೆಗೆ ಸೇರಿಸಿಕೊಂಡರೆ ಸಾಕು. ಬರುವ ವರ್ಷ ಜಗಲಿಯಲ್ಲಿ ಅದೇ ಪ್ರಶ್ನೆ ಬಂದಾಗ, ಹೇಳಲು ನಮಗೊಂದು ಉತ್ತರವಿರುತ್ತದೆ.